ತಾಂತ್ರಿಕ ಚಿತ್ರಗಳ ರಕ್ಷಣಕ್ರಮ: ಯಂತ್ರೋದ್ಯಮದ ಒಂದು ಪದ್ಧತಿಯ ಪರಿಚಯ

ಕೆಲವು ವರ್ಷಗಳ ಹಿಂದೆ ಪ್ರಕೃತ ಲೇಖಕನು ಲೋಕಸ್ವರೂಪವನ್ನು ನಿರೂಪಿಸುವ ಒಂದು ಹಸ್ತಪ್ರತಿಯ ಚಿತ್ರಗಳನ್ನು ಸಿದ್ಧಪಡಿಸಿ ಮುದ್ರಣಕ್ಕೆ ಕಳುಹಿಸಿದ್ದನು. ಗ್ರಂಥವು ಹೊರಬಂದು ಒಂದು ತಿಂಗಳು ಕಳೆಯುವುದರೊಳಗೆ ವಯೋವೃದ್ಧರಾದ ಪಂಡಿತರೊಬ್ಬರಿಂದ ಒಂದು ಕಾರ್ಡು ಬಂದಿತು. ಅದರಲ್ಲಿದ್ದುದು ಒಂದೇ ವಾಕ್ಯ: “ತಮ್ಮ ಚಿತ್ರವನ್ನು ಪ್ರಮಾಣವಾಗಿ ಇಟ್ಟುಕೊಂಡು ಲೆಕ್ಕ ಹಾಕಿದರೆ ಲೋಕದ ಘನಫಲವು ೩೯೨ ರಜ್ಜುಗಳಾಗುತ್ತದೆ, ಪರಿಶೀಲಿಸುವುದು.”

ಲೋಕದ ಎತ್ತರ ೧೪ ರಜ್ಜು, ದಕ್ಷಿಣೋತ್ತರ ಬಾಹಲ್ಯ ಸರ್ವತ್ರ ೭ ರಜ್ಜು, ಪೂರ್ವಪಶ್ಚಿಮ ವಿಸ್ತಾರ ತಳದಲ್ಲಿ ೭, ಮಧ್ಯಲೋಕದಲ್ಲಿ ೧, ಬ್ರಹ್ಮಲೋಕದ ಬಳಿ ೫, ಅಗ್ರದಲ್ಲಿ ೧ ಎಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಆಗಿದೆ. ಅಧೋಲೋಕದ ೧೯೬ ಘನರಜ್ಜುಗಳಿಗೆ ಊರ್ಧ್ವಲೋಕದ ೧೪೭ನ್ನು ಕೂಡಿಸಿದರೆ ೩೪೩ ಬರುತ್ತದೆ. ಮುದ್ರಿತ ಚಿತ್ರದಲ್ಲಿಯಾದರೋ ಬ್ರಹ್ಮಲೋಕದ ಬಳಿ ೫ರ ಸ್ಥಾನದಲ್ಲಿ ೭ ಎಂದಿತ್ತು. ಆ ಒಂದು ಅಂಕೆಯಿಂದ ಊರ್ಧ್ವಲೋಕವೂ ೧೯೬ ಆಗಿ, ಒಟ್ಟು ಮೊತ್ತ ೩೯೨ಕ್ಕೆ ಏರಿತ್ತು.

ಈ ಸ್ಖಾಲಿತ್ಯವು ಅಜ್ಞಾನದಿಂದ ಆದುದಲ್ಲ. ಮೂಲದ ಗರಿಯಲ್ಲಿ ಆ ಅಂಕೆಯಿದ್ದ ಭಾಗವನ್ನು ಹುಳು ತಿಂದಿತ್ತು. ಮೊದಲು ೭ ಎಂದು ಓದಿ ಬರೆದ ರೇಖಾಚಿತ್ರವನ್ನು ಅನಂತರ ಗ್ರಂಥಪಾಠದೊಡನೆ ಹೋಲಿಸಿ ೫ ಎಂದು ತಿದ್ದಿಯೂ ಆಗಿತ್ತು. ಆದರೆ ಗಣಕಯಂತ್ರದಲ್ಲಿ “ಲೋಕಾಕಾರ”, “ಲೋಕಾಕಾರ ಹೊಸದು”, “ಲೋಕಾಕಾರ ಅಂತಿಮ” ಎಂಬ ಮೂರು ಕಡತಗಳಿದ್ದವು. ತಿದ್ದಿದ ಚಿತ್ರವು “ಹೊಸದು” ಎಂಬ ಹೆಸರಿನಲ್ಲಿತ್ತು. ಮುದ್ರಣಕ್ಕೆ ಹೋದದ್ದು “ಅಂತಿಮ”. ಪಾಠಶೋಧನೆಯಲ್ಲಿ ಒಂದು ಬಿಂದುವಿಗಾಗಿ ಮೂರು ದಿನ ಚಿಂತಿಸುವ ನಾವು, ಶೋಧಿಸಿದ ಚಿತ್ರವನ್ನು ಇಡುವ ಕ್ರಮದಲ್ಲಿ ಎಷ್ಟು ಅಜಾಗರೂಕರು ಎಂಬುದು ಅಂದು ಮನವರಿಕೆಯಾಯಿತು.

ಬೆಂಗಳೂರಿನಲ್ಲಿ ಯಂತ್ರಗಳ ದುರಸ್ತಿಗ್ರಂಥಗಳಿಗೆ ಚಿತ್ರ ಬರೆಯುವ ವೃತ್ತಿಯಲ್ಲಿರುವ ನನ್ನ ಸೋದರಳಿಯನಿಗೆ ಈ ವೃತ್ತಾಂತವನ್ನು ಹೇಳಿದಾಗ ಅವನು, “ಮಾವ, ನಮ್ಮಲ್ಲಿ ಚಿತ್ರವನ್ನು ಹೆಸರು ನೋಡಿ ಯಾರೂ ಎತ್ತಿಕೊಳ್ಳುವುದಿಲ್ಲ” ಎಂದನು. ಆ ಮಾತಿನ ಅರ್ಥವನ್ನು ಅನುಸರಿಸಿ ತಿಳಿದುಕೊಂಡ ಸಂಗತಿಗಳನ್ನು ವಿದ್ವಜ್ಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

೧. ತಾಂತ್ರಿಕ ಚಿತ್ರದ ಸ್ವರೂಪ

ಯಂತ್ರವನ್ನು ನಿರ್ಮಿಸುವವನಿಗೆ ಬೇಕಾದ ನಕ್ಷೆ ಬೇರೆ, ಅದನ್ನು ಬಿಚ್ಚಿ ಜೋಡಿಸುವವನಿಗೆ ಬೇಕಾದ ಚಿತ್ರ ಬೇರೆ. ಮೊದಲನೆಯದರಲ್ಲಿ ಅಳತೆಗಳೇ ಪ್ರಧಾನ. ಎರಡನೆಯದರಲ್ಲಿ ಯಾವ ಬಿಡಿಭಾಗದ ಮೇಲೆ ಯಾವುದು ಕೂರುತ್ತದೆ, ಯಾವುದನ್ನು ಮೊದಲು ಸಡಿಲಿಸಬೇಕು ಎಂಬ ಕ್ರಮವೇ ಪ್ರಧಾನ. ಆದ್ದರಿಂದ ಭಾಗಗಳನ್ನು ಒಂದೇ ಅಕ್ಷದಲ್ಲಿ ದೂರದೂರ ಸರಿಸಿ, ಬಿಡಿಸಿದ ಸ್ಥಿತಿಯಲ್ಲಿ ತೋರಿಸುವುದು ರೂಢಿ. ಉದ್ದ, ಅಗಲ, ಎತ್ತರಗಳಿಗೆ ಒಂದೇ ಮಾನವನ್ನು ಬಳಸುವ ಸಮಮಾನ ಚಿತ್ರಣವು ಇದಕ್ಕೆ ಬಹಳ ಅನುಕೂಲ. ಕೇಂಬ್ರಿಡ್ಜಿನ ವಿಲಿಯಂ ಫಾರಿಷ್ ೧೮೨೨ರಲ್ಲಿ ಈ ವಿಧಾನವನ್ನು ಶಾಸ್ತ್ರೀಯವಾಗಿ ನಿರೂಪಿಸಿದನು. ಚಿತ್ರದ ಪ್ರತಿಯೊಂದು ಭಾಗಕ್ಕೂ ಒಂದು ಗೆರೆಯೆಳೆದು ಅದರ ತುದಿಯಲ್ಲಿ ಅಂಕೆಯನ್ನಿಡುತ್ತಾರೆ. ಆ ಅಂಕೆಯನ್ನು ಹಿಡಿದು ಕೆಳಗಿನ ಪಟ್ಟಿಯಲ್ಲಿ ಭಾಗದ ಹೆಸರನ್ನೂ ಸಂಖ್ಯೆಯನ್ನೂ ಕಂಡುಕೊಳ್ಳಬೇಕು.

ಇಂದು ಇಂತಹ ಚಿತ್ರವನ್ನು ಸಾಮಾನ್ಯವಾಗಿ ಬರಿಗೈಯಿಂದ ಬರೆಯುವುದಿಲ್ಲ. ಯಂತ್ರಶಿಲ್ಪಿಯು ಗಣಕಯಂತ್ರದಲ್ಲಿ ಮೊದಲೇ ರಚಿಸಿರುವ ಮೂರು ಆಯಾಮಗಳ ಪ್ರತಿಕೃತಿಯೊಂದು ಇರುತ್ತದೆ; ಅದಕ್ಕೆ ಕ್ಯಾಡ್ ಮಾದರಿಯೆಂದು ಹೆಸರು. ಐಸೋಡ್ರಾದಂತಹ ತಂತ್ರಾಂಶಗಳಿಂದ ಆ ಮಾದರಿಯನ್ನು ಬೇಕಾದ ಕೋನದಲ್ಲಿ ತಿರುಗಿಸಿ, ಮರೆಯಾದ ರೇಖೆಗಳನ್ನು ತೆಗೆದು, ಹೊರರೇಖೆಯನ್ನು ದಪ್ಪವಾಗಿಸಿ, ಅಂಕೆಗಳನ್ನು ಇಟ್ಟು ಚಿತ್ರವನ್ನು ಸಿದ್ಧಮಾಡುತ್ತಾರೆ. ಎಂದರೆ ಈ ಚಿತ್ರವು ಸ್ವತಂತ್ರವಲ್ಲ, ಮಾತೃಪ್ರತಿಯೊಂದರಿಂದ ಹುಟ್ಟಿದ ಪ್ರತಿ. ನಮ್ಮ ಶಾಸ್ತ್ರಕ್ಕೂ ಈ ವಿಷಯಕ್ಕೂ ಇರುವ ಸಂಬಂಧವು ಇಲ್ಲಿಂದಲೇ ಆರಂಭವಾಗುತ್ತದೆ.

೨. ಕಡತ ಬೇರೆ, ದಾಖಲೆ ಬೇರೆ

ಒಂದು ವಿಮಾನದ ದುರಸ್ತಿಗ್ರಂಥಗಳಲ್ಲಿ ಇಂತಹ ಚಿತ್ರಗಳು ಸಾವಿರಗಟ್ಟಲೆ ಇರುತ್ತವೆ. ಅವುಗಳನ್ನೂ ಕ್ಯಾಡ್ ಮಾದರಿಗಳನ್ನೂ ಭಾಗಗಳ ಪಟ್ಟಿಯನ್ನೂ ಒಂದೇ ಕಡೆ ನಿಯಮಬದ್ಧವಾಗಿ ಕಾಪಾಡುವ ಏರ್ಪಾಡಿಗೆ ಉತ್ಪನ್ನ ದತ್ತಾಂಶ ನಿರ್ವಹಣಾ ವ್ಯವಸ್ಥೆ ಎಂದು ಹೆಸರು. ಪಿ.ಡಿ.ಎಂ. ಎಂಬುದು ಅದರ ಸಂಕ್ಷೇಪ. ವಿಂಡ್‌ಚಿಲ್, ಟೀಮ್‌ಸೆಂಟರ್, ಎನೋವಿಯಾ ಇವು ಈ ವರ್ಗದ ಪ್ರಸಿದ್ಧ ವ್ಯವಸ್ಥೆಗಳು.

ಇದರ ಮೊದಲ ತತ್ತ್ವವೆಂದರೆ ಕಡತವನ್ನೂ ಅದರ ದಾಖಲೆಯನ್ನೂ ಬೇರ್ಪಡಿಸುವುದು. ಚಿತ್ರದ ಕಡತವು ವಾಲ್ಟ್ ಎಂಬ ಭದ್ರಕೋಶದಲ್ಲಿ ಇರುತ್ತದೆ; ಅಲ್ಲಿಗೆ ಯಾರೂ ನೇರವಾಗಿ ಕೈಹಾಕುವಂತಿಲ್ಲ. ಜನರು ಕಾಣುವುದು ದಾಖಲೆಯನ್ನು ಮಾತ್ರ. ಅದರಲ್ಲಿ ಚಿತ್ರದ ಸಂಖ್ಯೆ, ಶೀರ್ಷಿಕೆ, ಬರೆದವರ ಹೆಸರು, ದಿನಾಂಕ, ಎಷ್ಟನೆಯ ಪರಿಷ್ಕರಣ, ಈಗಿನ ಅವಸ್ಥೆ ಮುಂತಾದುವು ಇರುತ್ತವೆ. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಪುಷ್ಪಿಕೆಯನ್ನು ಗರಿಯಿಂದ ಬಿಡಿಸಿ, ಸೂಚಿಯಲ್ಲಿ ಸೇರಿಸಿ, ಆ ಸೂಚಿಯ ಮೂಲಕವಲ್ಲದೆ ಕಟ್ಟನ್ನು ಬಿಚ್ಚಕೂಡದು ಎಂದು ನಿಯಮ ಮಾಡಿದಂತೆ ಇದನ್ನು ತಿಳಿಯಬಹುದು.

ಅವಸ್ಥೆಗಳು ಸಾಮಾನ್ಯವಾಗಿ ಮೂರು. ರಚನೆಯಲ್ಲಿರುವುದು, ಪರಿಶೀಲನೆಯಲ್ಲಿರುವುದು ಮತ್ತು ಬಿಡುಗಡೆಯಾದುದು. ಅಧಿಕಾರವುಳ್ಳ ವ್ಯಕ್ತಿಯು ತನ್ನ ಹೆಸರಿನಲ್ಲಿ ಒಪ್ಪಿಗೆ ನೀಡಿದ ಹೊರತು ಚಿತ್ರವು ಮೂರನೆಯ ಅವಸ್ಥೆಗೆ ಬರುವುದಿಲ್ಲ. ಮುದ್ರಣಕ್ಕೆ ಹೋಗುವ ಅರ್ಹತೆ ಅದೊಂದಕ್ಕೇ. “ಅಂತಿಮ” ಎಂಬುದು ಇಲ್ಲಿ ಯಾರೋ ಇಟ್ಟ ಹೆಸರಲ್ಲ, ಪರಿಶೋಧಕನು ಹೊಣೆಹೊತ್ತು ಕೊಟ್ಟ ಸ್ಥಾನ. ನನ್ನ ಮೂರು ಕಡತಗಳಲ್ಲಿ ಇಲ್ಲದಿದ್ದುದು ಇದೇ.

೩. ಒಯ್ಯುವುದು, ಹಿಂದಿರುಗಿಸುವುದು, ಪರಿಷ್ಕರಿಸುವುದು

ಚಿತ್ರವನ್ನು ತಿದ್ದಬೇಕಾದವನು ಅದನ್ನು ಕೋಶದಿಂದ ತನ್ನ ಹೆಸರಿಗೆ ಪಡೆದುಕೊಳ್ಳುತ್ತಾನೆ. ಇದಕ್ಕೆ ಚೆಕ್ ಔಟ್ ಎನ್ನುತ್ತಾರೆ. ಆ ಅವಧಿಯಲ್ಲಿ ಉಳಿದವರು ಚಿತ್ರವನ್ನು ನೋಡಬಹುದು, ತಿದ್ದಲಾಗದು. ಕೆಲಸ ಮುಗಿದ ಮೇಲೆ ಏನನ್ನು ಏಕೆ ತಿದ್ದಿದೆನೆಂಬ ಟಿಪ್ಪಣಿಯೊಡನೆ ಹಿಂದಿರುಗಿಸಬೇಕು. ಇದು ಚೆಕ್ ಇನ್. ಇಬ್ಬರು ಏಕಕಾಲದಲ್ಲಿ ತಿದ್ದಿ, ಕೊನೆಗೆ ಸೇರಿಸಿದವನ ತಿದ್ದುಪಾಟು ಇನ್ನೊಬ್ಬನದನ್ನು ನುಂಗಿಹಾಕುವ ಅನರ್ಥವನ್ನು ಈ ಕ್ರಮವು ತಡೆಯುತ್ತದೆ.

ಹಿಂದಿರುಗಿಸಿದಾಗ ಹಳೆಯದು ಅಳಿಯುವುದಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಹೊಸದು ಅದರ ಮುಂದೆ ನಿಲ್ಲುತ್ತದೆ. ವಿಂಡ್‌ಚಿಲ್ಲಿನಲ್ಲಿ ಕೆಲಸದ ನಡುವಣ ಆವೃತ್ತಿಗಳು ಎ.೧, ಎ.೨, ಎ.೩ ಎಂದು ಬೆಳೆಯುತ್ತವೆ. ಬಿಡುಗಡೆಯಾದ ಮೇಲೆ ಬದಲಾವಣೆ ಬೇಕಾದರೆ ಬಿ ಎಂಬ ಹೊಸ ಪರಿಷ್ಕರಣವು ತೊಡಗುತ್ತದೆ. ಇಲ್ಲಿ ಲಿಪಿಶಾಸ್ತ್ರಜ್ಞರಿಗೆ ಪ್ರಿಯವಾಗುವ ಒಂದು ಸಂಗತಿಯುಂಟು. ಅಮೆರಿಕದ ಯಂತ್ರಶಿಲ್ಪಿಗಳ ನಕ್ಷಾನಿಯಮದಲ್ಲಿ ಪರಿಷ್ಕರಣವನ್ನು ಸೂಚಿಸಲು ಐ, ಓ, ಕ್ಯೂ, ಎಸ್, ಎಕ್ಸ್, ಝಡ್ ಎಂಬ ಆರು ಅಕ್ಷರಗಳನ್ನು ಬಳಸುವುದಿಲ್ಲ. ಐ ಎಂಬುದನ್ನು ಒಂದೆಂದೂ ಓ ಎಂಬುದನ್ನು ಸೊನ್ನೆಯೆಂದೂ ಓದುವ ಸಂಭವವಿರುವುದರಿಂದ ಇಂತಹ ಅಕ್ಷರಗಳನ್ನು ಬಿಟ್ಟಿದ್ದಾರೆ. ನಾವು ಪ್ರತಿಗಳಲ್ಲಿ ಹುಡುಕಿ ತೆಗೆಯುವ ಲಿಪಿಭ್ರಮೆಯನ್ನು ಅವರು ಹುಟ್ಟುವ ಮೊದಲೇ ನಿವಾರಿಸಿದ್ದಾರೆ.

ಹಳೆಯ ಚಿತ್ರವನ್ನು ಉಳಿಸುವುದಕ್ಕೆ ಪ್ರಬಲವಾದ ಕಾರಣವಿದೆ. ಯಂತ್ರದ ವಿನ್ಯಾಸವನ್ನು ಬದಲಿಸಿದ ಮಾತ್ರಕ್ಕೆ ಹಿಂದೆ ಮಾರಾಟವಾದ ಯಂತ್ರಗಳು ಬದಲಾಗುವುದಿಲ್ಲ. ಅವು ದಶಕಗಳ ಕಾಲ ಕೆಲಸ ಮಾಡುತ್ತಿರುತ್ತವೆ, ದುರಸ್ತಿಗೂ ಬರುತ್ತವೆ. ಆದುದರಿಂದ ಪ್ರತಿಯೊಂದು ಚಿತ್ರಕ್ಕೂ ಅದು ಎಷ್ಟನೆಯ ಕ್ರಮಸಂಖ್ಯೆಯ ಯಂತ್ರದಿಂದ ಎಷ್ಟನೆಯದರವರೆಗೆ ಅನ್ವಯಿಸುತ್ತದೆ ಎಂಬ ವ್ಯಾಪ್ತಿಯನ್ನು ನಮೂದಿಸುತ್ತಾರೆ. ಹಳೆಯ ಯಂತ್ರಕ್ಕೆ ಹಳೆಯ ಚಿತ್ರವೇ ಸತ್ಯ, ಹೊಸದು ಮಿಥ್ಯ.

೪. ಸಂಬಂಧವೇ ಪ್ರಾಣ

ಇದುವರೆಗೆ ಹೇಳಿದ್ದನ್ನು ಶಿಸ್ತಿನ ಗ್ರಂಥಪಾಲಕನೂ ಮಾಡಬಲ್ಲನು. ಪಿ.ಡಿ.ಎಂ. ವ್ಯವಸ್ಥೆಯ ನಿಜವಾದ ಶಕ್ತಿಯಿರುವುದು ಸಂಬಂಧಗಳ ದಾಖಲೆಯಲ್ಲಿ. ಅವು ಮುಖ್ಯವಾಗಿ ಎರಡು.

ಮೊದಲನೆಯದು ಚಿತ್ರಕ್ಕೂ ಅದರ ಮೂಲಕ್ಕೂ ಇರುವ ಸಂಬಂಧ. ಈ ಚಿತ್ರವು ಇಂಥ ಕ್ಯಾಡ್ ಮಾದರಿಯ ಇಂಥ ಪರಿಷ್ಕರಣದಿಂದ ಹುಟ್ಟಿತು ಎಂದು ವ್ಯವಸ್ಥೆಯಲ್ಲಿ ಬರೆದಿರುತ್ತದೆ. ಮಾದರಿಯು ಎ ಇಂದ ಬಿ ಗೆ ಹೋಯಿತೆಂದರೆ, ಎ ಇಂದ ಹುಟ್ಟಿದ ಎಲ್ಲ ಚಿತ್ರಗಳೂ ಪುನಃಪರಿಶೀಲನಾರ್ಹವೆಂದು ತಿಳಿದುಬರುತ್ತದೆ. ಎಲ್ಲವನ್ನೂ ಮತ್ತೆ ಬರೆಯಬೇಕೆಂದು ಇದರ ಅರ್ಥವಲ್ಲ. ಒಳಗಿನ ತೂತಿನ ಅಳತೆ ಬದಲಾದರೆ ಹೊರನೋಟದ ಚಿತ್ರಕ್ಕೆ ಬಾಧೆಯಿಲ್ಲದಿರಬಹುದು. ಅದನ್ನು ನಿರ್ಣಯಿಸುವವನು ಮನುಷ್ಯನೇ. ಆದರೆ ನೋಡದೆ ಬಿಟ್ಟೆನೆಂಬುದಕ್ಕೆ ಅವಕಾಶವಿಲ್ಲ.

ಎರಡನೆಯದು ಚಿತ್ರಕ್ಕೂ ಅದನ್ನು ಬಳಸುವ ಗ್ರಂಥಗಳಿಗೂ ಇರುವ ಸಂಬಂಧ. ಒಂದೇ ಚಿತ್ರವು ಬಳಕೆದಾರನ ಕೈಪಿಡಿ, ದುರಸ್ತಿಗ್ರಂಥ, ಬಿಡಿಭಾಗಗಳ ಪಟ್ಟಿ ಮೂರರಲ್ಲಿಯೂ ಬರಬಹುದು. ಚಿತ್ರವನ್ನು ಮೂರು ಕಡೆ ನಕಲು ಮಾಡಿ ಅಂಟಿಸಿದರೆ, ತಿದ್ದುವಾಗ ಒಂದನ್ನಾದರೂ ಮರೆಯುವುದು ಖಂಡಿತ. ಆದುದರಿಂದ ಗ್ರಂಥದಲ್ಲಿ ಚಿತ್ರವನ್ನು ಇಡದೆ ಅದರ ಸಂಖ್ಯೆಯನ್ನು ಮಾತ್ರ ಇಡುತ್ತಾರೆ. ಮುದ್ರಣದ ವೇಳೆಗೆ ಆ ಸಂಖ್ಯೆಯ ಬಿಡುಗಡೆಯಾದ ಚಿತ್ರವು ಕೋಶದಿಂದ ಬಂದು ಸೇರುತ್ತದೆ. ಈ ಚಿತ್ರವು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಕೇಳಿದರೆ ವ್ಯವಸ್ಥೆಯು ಕೂಡಲೇ ಪಟ್ಟಿ ಕೊಡುತ್ತದೆ.

ಮೂಲದತ್ತಾಂಶದ ಪ್ರತಿಗಳು ಪರಸ್ಪರ ಹೊಂದದಿದ್ದರೆ ಏನಾಗುವುದೆಂಬುದಕ್ಕೆ ಏರ್‌ಬಸ್ ಎ೩೮೦ ವಿಮಾನದ ಚರಿತ್ರೆಯೇ ನಿದರ್ಶನ. ಜರ್ಮನಿಯ ಹ್ಯಾಂಬರ್ಗಿನಲ್ಲಿಯೂ ಫ್ರಾನ್ಸಿನ ಟುಲೂಸಿನಲ್ಲಿಯೂ ವಿನ್ಯಾಸಕ್ಕೆ ಒಂದೇ ತಂತ್ರಾಂಶದ ಎರಡು ಬೇರೆ ಆವೃತ್ತಿಗಳನ್ನು ಬಳಸುತ್ತಿದ್ದರು. ಎರಡೂ ಕಡೆಯ ದತ್ತಾಂಶವು ಸರಿಯಾಗಿ ಕೂಡಲಿಲ್ಲ. ಸಿದ್ಧವಾಗಿ ಬಂದ ವಿದ್ಯುತ್ ತಂತಿಗಳ ಕಟ್ಟುಗಳು ವಿಮಾನದೊಳಗೆ ತಮ್ಮ ಸ್ಥಾನದಲ್ಲಿ ಕೂರಲಿಲ್ಲ. ೨೦೦೬ರಲ್ಲಿ ಈ ತೊಡಕು ಬಹಿರಂಗವಾಯಿತು. ಮೊದಲ ವಿಮಾನವು ಗ್ರಾಹಕರ ಕೈಸೇರಿದ್ದು ೨೦೦೭ರ ಅಕ್ಟೋಬರಿನಲ್ಲಿ. ಅದು ವಿನ್ಯಾಸದ ಮಾದರಿಗಳಲ್ಲಿ ಆದ ಅನರ್ಥವಾದರೂ ಅದರ ಬೇರು ನಮ್ಮ ವಿಷಯವೇ: ತಾವಿಬ್ಬರೂ ನೋಡುತ್ತಿರುವುದು ಒಂದನ್ನೇ ಎಂದು ಇಬ್ಬರೂ ನಂಬಿದ್ದರು.

೫. ಚಿತ್ರದೊಳಗಿನ ಅಂಕೆ, ಹೊರಗಿನ ಮಾತು

ಐರೋಪ್ಯ ವಿಮಾನೋದ್ಯಮದ ಸಂಘಟನೆಯು ದುರಸ್ತಿಗ್ರಂಥಗಳಿಗಾಗಿ ಎಸ್೧೦೦೦ಡಿ ಎಂಬ ನಿಯಮಸಂಹಿತೆಯನ್ನು ರೂಪಿಸಿ ೧೯೮೯ರಲ್ಲಿ ಮೊದಲು ಪ್ರಕಟಿಸಿತು. ಅನಂತರ ಹಲವು ಬಾರಿ ಪರಿಷ್ಕೃತವಾದ ಈ ಸಂಹಿತೆಯ ಪ್ರಕಾರ ಪ್ರತಿಯೊಂದು ಚಿತ್ರಕ್ಕೂ ಐ.ಸಿ.ಎನ್. ಎಂಬ ನಿಯಂತ್ರಣಸಂಖ್ಯೆಯಿರುತ್ತದೆ. ಚಿತ್ರದ ಎಷ್ಟನೆಯ ಆವೃತ್ತಿಯೆಂಬುದೂ ಆ ಸಂಖ್ಯೆಯ ಅಂಗವೇ ಆಗಿದೆ. ಗ್ರಂಥಭಾಗಗಳು ಚಿತ್ರವನ್ನು ಕರೆಯುವುದು ಈ ಸಂಖ್ಯೆಯಿಂದಲೇ.

ಚಿತ್ರದೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಪದಗಳನ್ನು ಬರೆಯದೆ ಅಂಕೆಗಳನ್ನು ಮಾತ್ರ ಇಡುವುದು ಈ ವೃತ್ತಿಯ ಇನ್ನೊಂದು ವಿವೇಕ. ಭಾಗದ ಹೆಸರು ಪಟ್ಟಿಯಲ್ಲಿರುತ್ತದೆ. ಗ್ರಂಥವನ್ನು ಹತ್ತು ಭಾಷೆಗಳಿಗೆ ಅನುವಾದಿಸಿದರೂ ಚಿತ್ರವನ್ನು ಮುಟ್ಟಬೇಕಾಗಿಲ್ಲ. ಮುಟ್ಟದಿದ್ದರೆ ಕೆಡುವ ಭಯವೂ ಇಲ್ಲ. ಚಿತ್ರಗಳನ್ನು ಬಿಂದುಗಳ ರಾಶಿಯಾಗಿ ಇಡದೆ ರೇಖೆಗಳ ವಿವರಣೆಯಾಗಿ ಇಡುವ ಸಿ.ಜಿ.ಎಂ. ಎಂಬ ಕ್ರಮವು ೧೯೮೭ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಎಷ್ಟು ಹಿಗ್ಗಿಸಿದರೂ ರೇಖೆ ಮಸುಕಾಗದು. ಅಂತರ್ಜಾಲದ ಬಳಕೆಗಾಗಿ ರೂಪಿಸಿದ ಅದರ ಪ್ರಭೇದದಲ್ಲಿ, ಚಿತ್ರದ ಅಂಕೆಯನ್ನು ಒತ್ತಿದರೆ ಪಟ್ಟಿಯ ಹೆಸರು ತೆರೆದುಕೊಳ್ಳುವಂತೆಯೂ ಜೋಡಿಸಬಹುದು.

೬. ನಮ್ಮ ಭಂಡಾರಗಳಿಗೆ ಅನ್ವಯ

ಇಷ್ಟನ್ನು ತಿಳಿದ ಮೇಲೆ ನಮ್ಮ ಚಿತ್ರಗಳತ್ತ ತಿರುಗುವುದು ಉಚಿತ. ತ್ರಿಲೋಕಸಾರ, ತಿಲೋಯಪಣ್ಣತ್ತಿಗಳ ಪರಂಪರೆಯ ಲೋಕಾಕಾರಗಳು, ದ್ವೀಪಸಮುದ್ರಗಳ ವಲಯಗಳು, ಮಹಾವೀರಾಚಾರ್ಯರ ಗಣಿತಸಾರಸಂಗ್ರಹದ ಕ್ಷೇತ್ರಗಣಿತದಂತಹ ಭಾಗಗಳಿಗೆ ಬೇಕಾಗುವ ಆಕೃತಿಗಳು, ಇವೆಲ್ಲವೂ ಅಲಂಕಾರಚಿತ್ರಗಳಲ್ಲ, ತಾಂತ್ರಿಕ ಚಿತ್ರಗಳೇ. ಇವುಗಳಲ್ಲಿ ರೇಖೆಯ ಪ್ರಮಾಣಕ್ಕಿಂತ ಅಂಕೆಯ ಸ್ಥಾನವು ಮುಖ್ಯ. ಲೋಕಾಕಾರವನ್ನು ಸ್ವಲ್ಪ ಉದ್ದವಾಗಿ ಬರೆದರೆ ಘನಫಲಕ್ಕೆ ಹಾನಿಯಿಲ್ಲ. ೫ನ್ನು ೭ ಎಂದು ಬರೆದರೆ ಇದೆ.

ಆದರೆ ಎರಡು ಕ್ಷೇತ್ರಗಳ ನಡುವಿನ ಒಂದು ಭೇದವನ್ನು ಮರೆಯುವಂತಿಲ್ಲ. ಯಂತ್ರೋದ್ಯಮದಲ್ಲಿ ತಪ್ಪು ಕಂಡರೆ ಮೂಲಮಾದರಿಯನ್ನೇ ತಿದ್ದುತ್ತಾರೆ. ತಿದ್ದುಪಾಟು ಮೂಲದಿಂದ ಚಿತ್ರಕ್ಕೆ ಇಳಿದುಬರುತ್ತದೆ. ನಮ್ಮಲ್ಲಿ ಮೂಲವಾದ ಗರಿಯನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಅದು ತಪ್ಪಾಗಿದ್ದರೂ ಸಾಕ್ಷಿ. ನಾವು ತಿದ್ದುವುದು ಗರಿಯಿಂದ ಹುಟ್ಟಿದ ರೇಖಾಚಿತ್ರವನ್ನು ಮಾತ್ರ. ಆದುದರಿಂದ ನಮಗೆ ಪ್ರತಿಯೊಂದು ಚಿತ್ರಕ್ಕೂ ಮೂರು ಮೆಟ್ಟಿಲುಗಳು ಬೇಕು: ಗರಿಯ ಛಾಯಾಚಿತ್ರ, ಇದ್ದುದನ್ನು ಇದ್ದಂತೆ ಎತ್ತಿದ ರೇಖಾಚಿತ್ರ, ಶೋಧಿತ ರೇಖಾಚಿತ್ರ. ಮೊದಲನೆಯದನ್ನು ಎಂದಿಗೂ ಬದಲಿಸಕೂಡದು. ಎರಡನೆಯದು ಮೊದಲನೆಯದರಿಂದ, ಮೂರನೆಯದು ಎರಡನೆಯದರಿಂದ ಹುಟ್ಟಿತೆಂಬ ಸಂಬಂಧವನ್ನು ಬರೆದಿಡಬೇಕು. ನನ್ನ ಸಂದರ್ಭದಲ್ಲಿ ಎರಡನೆಯ ಮೆಟ್ಟಿಲಿನ ಚಿತ್ರವು ಮೂರನೆಯದೆಂಬ ಹೆಸರನ್ನು ಹೊತ್ತು ಮುದ್ರಣಕ್ಕೆ ಹೋಯಿತು. ಎರಡನೆಯದನ್ನು ಅಳಿಸಿಹಾಕಿದ್ದರೆ ಕ್ಷೇಮವಾಗುತ್ತಿತ್ತೆಂದು ಭಾವಿಸಬಾರದು. ಗರಿಯ ಆ ಭಾಗ ಇನ್ನಷ್ಟು ಜೀರ್ಣವಾದಾಗ, ಒಮ್ಮೆ ಅದು ಹೀಗೂ ಕಂಡಿತ್ತೆಂಬುದಕ್ಕೆ ಆ ರೇಖಾಚಿತ್ರವು ಉಳಿಯಬೇಕು.

ಇದಕ್ಕೆ ಬೆಲೆಬಾಳುವ ವ್ಯವಸ್ಥೆಗಳನ್ನು ಕೊಳ್ಳಬೇಕಾಗಿಲ್ಲ. ಸಣ್ಣ ಭಂಡಾರಕ್ಕೆ ಗೆರೆಹಾಕಿದ ಒಂದು ವಹಿ ಅಥವಾ ಗಣಕಯಂತ್ರದ ಸರಳ ಕೋಷ್ಟಕವು ಸಾಕು. ನನ್ನ ಅಲ್ಪ ಅನುಭವದಿಂದ ಕೆಳಗಿನ ಅಂಶಗಳನ್ನು ಸೂಚಿಸುತ್ತೇನೆ.

(೧) ಪ್ರತಿಯೊಂದು ಚಿತ್ರಕ್ಕೂ ಶಾಶ್ವತವಾದ ಒಂದು ಸಂಖ್ಯೆಯಿರಲಿ. ಅದರಲ್ಲಿ ಗ್ರಂಥದ ಹೆಸರನ್ನಾಗಲಿ ಗರಿಯ ಸಂಖ್ಯೆಯನ್ನಾಗಲಿ ಅಡಕಮಾಡಬಾರದು. ತಪ್ಪಾಗಿ ಗುರುತಿಸಿದ ಗ್ರಂಥಕ್ಕೆ ಬೇರೆ ಹೆಸರು ಬರಬಹುದು, ಕಲಸಿಹೋದ ಗರಿಗಳ ಕ್ರಮ ಬದಲಾಗಬಹುದು. ಸಂಖ್ಯೆಯು ಬದಲಾಗಕೂಡದು. ಹೆಸರು, ಗರಿ, ಪಾರ್ಶ್ವಗಳನ್ನು ಬೇರೆ ಅಂಕಣಗಳಲ್ಲಿ ಬರೆಯಬೇಕು.

(೨) ಚಿತ್ರದೊಳಗಿರುವ ಅಕ್ಷರಾಂಕಗಳನ್ನೆಲ್ಲ ಸ್ಥಾನಸಹಿತವಾಗಿ ದಾಖಲೆಯಲ್ಲಿ ಬರೆಯಬೇಕು. “ಬ್ರಹ್ಮಲೋಕದ ಬಳಿ: ಗರಿಯಲ್ಲಿ ತ್ರುಟಿತ, ಮೊದಲ ಓದು ೭, ಶೋಧಿತ ೫” ಎಂಬ ಒಂದು ಸಾಲು ನನ್ನ ವಹಿಯಲ್ಲಿ ಇದ್ದಿದ್ದರೆ ಪಂಡಿತರು ಕಾರ್ಡು ಬರೆಯಬೇಕಾಗುತ್ತಿರಲಿಲ್ಲ.

(೩) ತಿದ್ದಿದವರ ಹೆಸರು, ದಿನಾಂಕ, ಆಧಾರ ಈ ಮೂರನ್ನೂ ಬರೆಯದೆ ತಿದ್ದಬಾರದು. ತಿದ್ದಿದವರೇ ಒಪ್ಪಿಗೆ ನೀಡಬಾರದು. ಇನ್ನೊಬ್ಬರು ಗ್ರಂಥಪಾಠದೊಡನೆ ಹೋಲಿಸಿ, ಸಾಧ್ಯವಿದ್ದಲ್ಲಿ ಗಣಿತವನ್ನು ಮಾಡಿನೋಡಿ ಸಹಿ ಹಾಕಬೇಕು.

(೪) ಚಿತ್ರವು ಯಾವ ಯಾವ ಮುದ್ರಿತ ಗ್ರಂಥ, ಲೇಖನಗಳಲ್ಲಿ ಬಳಕೆಯಾಗಿದೆಯೆಂಬ ಪಟ್ಟಿಯನ್ನು ಅದೇ ದಾಖಲೆಯಲ್ಲಿ ಬೆಳೆಸುತ್ತಾ ಹೋಗಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ವ್ಯವಸ್ಥೆಯು ಸಂಬಂಧವನ್ನು ಕಾಪಾಡುತ್ತದೆ. ಸಂಬಂಧವು ಸತ್ಯವೇ ಎಂದು ಅದಕ್ಕೆ ತಿಳಿಯದು. ತಪ್ಪು ಮೂಲಕ್ಕೆ ಜೋಡಿಸಿದ ಚಿತ್ರವು ಅನಾಥ ಚಿತ್ರಕ್ಕಿಂತ ಹೆಚ್ಚು ಅಪಾಯಕರ, ಏಕೆಂದರೆ ಅದನ್ನು ಯಾರೂ ಸಂದೇಹಿಸುವುದಿಲ್ಲ. ಜೋಡಿಸುವ ಕೈ ಶಾಸ್ತ್ರವನ್ನು ಬಲ್ಲವನದಾಗಿರಬೇಕು.

ಇಂದು ನಾಡಿನ ಅನೇಕ ಭಂಡಾರಗಳಲ್ಲಿ ಗರಿಗಳ ಛಾಯಾಗ್ರಹಣ ನಡೆಯುತ್ತಿದೆ. ಕ್ಯಾಮೆರಾ ತಾನೇ ಕೊಟ್ಟ ಸಂಖ್ಯೆಯನ್ನು ಹೊತ್ತ ಕಡತಗಳು ರಾಶಿಬೀಳುತ್ತಿವೆ. ಗರಿಯು ಕಣ್ಣೆದುರಿನಲ್ಲಿರುವ ಈಗ ಒಂದು ಚಿತ್ರದ ದಾಖಲೆಯನ್ನು ಬರೆಯಲು ಕೆಲವು ನಿಮಿಷಗಳು ಸಾಕು. ಕಟ್ಟನ್ನು ಮತ್ತೆ ಕಟ್ಟಿ ಒಳಗಿಟ್ಟ ಮೇಲೆ, ಈ ಚಿತ್ರ ಯಾವ ಗರಿಯದೆಂದು ಕಂಡುಹಿಡಿಯಲು ಒಬ್ಬ ವಿದ್ವಾಂಸನ ಆಯುಷ್ಯದ ಭಾಗವೇ ಬೇಕಾಗಬಹುದು. ಕೆಲವು ಸಲ ಅದೂ ಸಾಲದು.

ಕಾರ್ಡು ಬರೆದ ಪಂಡಿತರಿಗೆ ಶೋಧಿತ ಚಿತ್ರವನ್ನು ಅದರ ಸಂಖ್ಯೆ, ಪರಿಷ್ಕರಣ, ಆಧಾರಗಳೊಡನೆ ಕಳುಹಿಸಿದೆನು. ಒಪ್ಪಿಗೆಯ ಸಹಿ ಹಾಕುವ ಸ್ಥಳವನ್ನು ಅವರಿಗಾಗಿಯೇ ಖಾಲಿ ಬಿಟ್ಟಿದ್ದೆನು. ಅವರು ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ ೧೯೬, ೧೪೭ ಎಂದು ಬರೆದು ಕೂಡಿಸಿ, ೩೪೩ರ ಕೆಳಗೆ ಸಹಿ ಮಾಡಿ ಹಿಂದಿರುಗಿಸಿದರು. ನಮ್ಮ ವಹಿಯ ಮೊದಲನೆಯ ದಾಖಲೆ ಅದೇ ಆಗಿದೆ.